ಜಾರಿದ ನಾಲಿಗೆ



ದೆಹಲಿಯಲ್ಲಿ ನೆಲೆಸಿದ ನಮ್ಮವರು ಸಂಕಲ್ಪ ಮಾಡುವಾಗ ಬಾಲ್ಯದ ಅಭ್ಯಾಸಬಲದಿಂದ ‘ಗೋದಾವರ್ಯಾಃ ದಕ್ಷಿಣೇ ತೀರೇ’ ಎಂದುಬಿಡುವುದುಂಟು. ಪುರೋಹಿತರು ತಿದ್ದುತ್ತಾರೆ, ಕುಳಿತವರು ನಗುತ್ತಾರೆ. ನಗತಕ್ಕದ್ದೇ ಸರಿ. ಆದರೆ ದೇಹವು ಯಮುನೆಯ ದಡದಲ್ಲಿದ್ದರೂ ಮನಸ್ಸಿನ ವಾಸ ಎಲ್ಲಿಯೆಂಬುದನ್ನು ನಾಲಿಗೆ ಹೇಳಿಬಿಟ್ಟಿತಲ್ಲವೆ?

ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1901ರಲ್ಲಿ ಇಂತಹ ತಪ್ಪುಗಳನ್ನು ಕುರಿತು ವಿಸ್ತಾರವಾಗಿ ಬರೆದನು. ಅಲ್ಲಿಯ ಶಾಸನಸಭೆಯ ಅಧ್ಯಕ್ಷನು ಸಭೆಯನ್ನು ಆರಂಭಿಸಬೇಕಾದಲ್ಲಿ ‘ಮುಕ್ತಾಯವಾಯಿತು’ ಎಂದನಂತೆ. ಆ ಸಭೆಯಿಂದ ಒಳಿತಾಗದೆಂದು ಅವನ ಅಂತರಂಗವು ಮೊದಲೇ ಬಗೆದಿತ್ತೆಂಬುದು ಫ್ರಾಯ್ಡನ ವಿವರಣೆ. ಎಲ್ಲರೂ ಇದನ್ನೊಪ್ಪಲಿಲ್ಲ. ಈ ಪ್ರಸಂಗವನ್ನು ಅವನಿಗೆ ಒದಗಿಸಿದ ಭಾಷಾವಿದ್ವಾಂಸ ಮೇರಿಂಗರನೇ, 1895ರಷ್ಟು ಹಿಂದೆ, ಧ್ವನಿಗಳು ಒಂದನ್ನೊಂದು ಎಳೆಯುವುದರಿಂದ ನಾಲಿಗೆ ತಪ್ಪುತ್ತದೆಂದು ಪ್ರತಿಪಾದಿಸಿದ್ದನು.

ನಮ್ಮವರಿಗೆ ಈ ಚರ್ಚೆ ಹೊಸದಲ್ಲ. ಕಾಳಿದಾಸನ ವಿಕ್ರಮೋರ್ವಶೀಯದಲ್ಲಿ ಭರತಮುನಿಗಳು ದೇವಲೋಕದಲ್ಲಿ ಲಕ್ಷ್ಮೀಸ್ವಯಂವರವೆಂಬ ನಾಟಕವನ್ನಾಡಿಸುತ್ತಾರೆ. ಲಕ್ಷ್ಮಿಯ ಪಾತ್ರ ಊರ್ವಶಿಯದು. ನಿನ್ನ ಮನಸ್ಸು ಯಾರಲ್ಲಿ ನೆಟ್ಟಿದೆಯೆಂದು ವಾರುಣಿಯ ವೇಷದ ಮೇನಕೆ ಕೇಳಿದಾಗ, ‘ಪುರುಷೋತ್ತಮ’ ಎನ್ನಬೇಕಾದವಳು ‘ಪುರೂರವ’ ಎಂದಳು! ಎರಡು ಹೆಸರುಗಳ ಆರಂಭವೂ ಹೆಚ್ಚುಕಡಿಮೆ ಒಂದೇ. ಮೇರಿಂಗರನ ಮಾತೂ ನಿಜವೆನ್ನೋಣ. ಆದರೆ ಆ ಕಡೆಗೇ ಏಕೆ ಜಾರಿತು? ಇಳಿಜಾರು ಒಳಗೆ ಮೊದಲೇ ಇತ್ತು. ಲಕ್ಷ್ಮಿಯ ವೇಷ ತೊಟ್ಟರೂ ಹರಿನಾಮ ಬಾಯಲ್ಲಿ ನಿಲ್ಲಲಿಲ್ಲ. ಗುರುವಿನ ಶಾಪವಾಯಿತು, ಸ್ವರ್ಗ ತಪ್ಪಿತು.

ಶ್ರೀಮದಾಚಾರ್ಯರು ಸ್ವಪ್ನವನ್ನು ಸಹ ಮಿಥ್ಯೆಯೆನ್ನಲಿಲ್ಲ. ಮನಸ್ಸಿನಲ್ಲಿರುವ ವಾಸನೆಗಳನ್ನೇ ಉಪಾದಾನವಾಗಿಸಿಕೊಂಡು ಭಗವಂತನು ಸ್ವಪ್ನಪದಾರ್ಥಗಳನ್ನು ಸೃಷ್ಟಿಸಿ ತೋರಿಸುತ್ತಾನೆಂದರು. ವಾಸನೆ ಸತ್ಯ, ಅದು ಕೂಡಿಟ್ಟ ಬಂಡವಾಳ. ಫ್ರಾಯ್ಡನ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಅದುಮಿಟ್ಟ ಬಯಕೆಗಳೇ. ಒಳಗೆ ಸದ್ವಾಸನೆಯೂ ಅಡಗಿರುತ್ತದೆಂಬುದಕ್ಕೆ ಭಾಗವತದ ಷಷ್ಠಸ್ಕಂಧದ ಅಜಾಮಿಳನನ್ನು ನೋಡಬೇಕು. ಯೌವನದ ಶಾಸ್ತ್ರ, ಸದಾಚಾರಗಳನ್ನು ಅವನು ತೊರೆದಿದ್ದನು. 88 ವರ್ಷ ಕಳೆದಿತ್ತು. ಯಮದೂತರನ್ನು ಕಂಡು ಹೆದರಿ ಅವನು ಕೂಗಿದ್ದು ಹತ್ತನೆಯ ಮಗನನ್ನು. ಬಾಯಿಗೆ ಬಂದದ್ದು ‘ನಾರಾಯಣ’. ದಿನಕ್ಕೆ ಹತ್ತಾರು ಬಾರಿ ಆ ಮನೆಯಲ್ಲಿ ಆ ಹೆಸರು ಕೇಳಿಬರುತ್ತಿದ್ದಿರಬೇಕು. (ನಾವಾದರೋ ತೊಟ್ಟಿಲಲ್ಲಿ ಭಗವನ್ನಾಮವನ್ನಿಟ್ಟು, ಮರುದಿನದಿಂದ ‘ಬಂಟಿ’ ಎಂದು ಕರೆಯುತ್ತೇವೆ.)

ಹಾಸಿಗೆ ಹಿಡಿದ ಹಿರಿಯರ ಬಳಿ ರಾತ್ರಿ ಕುಳಿತವರು ಬಲ್ಲರು. ಅರೆಪ್ರಜ್ಞೆಯಲ್ಲಿ ಒಬ್ಬರ ಬಾಯಿಗೆ ಬ್ಯಾಂಕಿನ ಪಾಸುಪುಸ್ತಕ ಬರುತ್ತದೆ, ಇನ್ನೊಬ್ಬರಿಗೆ ಎಂದೋ ಮಾರಿದ ಊರಿನ ಮನೆ, ಮತ್ತೊಬ್ಬರಿಗೆ ನಾಮ. ಜ್ವರದ ಬಡಬಡಿಕೆಯಿಂದ ಯಾರ ಗತಿಯನ್ನೂ ನಿರ್ಣಯಿಸುವ ಅಧಿಕಾರ ನಮಗಿಲ್ಲ; ಅಂತರ್ಯಾಮಿಗೆ ಮಾತ್ರ ಅದು ಗೊತ್ತು. ಆದರೆ ಆ ಹೊತ್ತಿನಲ್ಲಿ ಪದವನ್ನು ಆರಿಸಿಕೊಳ್ಳುವ ಶಕ್ತಿ ಯಾರಲ್ಲಿಯೂ ಉಳಿದಿರುವುದಿಲ್ಲ.

ಅಜಾಮಿಳನಿಗೆ ಇನ್ನಷ್ಟು ಆಯುಷ್ಯ ದೊರೆಯಿತು. ಮನೆ, ಮಡದಿ, ಆ ಮುದ್ದಿನ ಮಗನನ್ನೂ ಬಿಟ್ಟು ಅವನು ಗಂಗಾದ್ವಾರಕ್ಕೆ ನಡೆದು, ನಾಲಿಗೆ ಮೊದಲೇ ಮುಟ್ಟಿದ್ದ ಸ್ವಾಮಿಯಲ್ಲಿ ಮನಸ್ಸನ್ನು ನಿಲ್ಲಿಸಿದನು.

ಶ್ರೀಕೃಷ್ಣಾರ್ಪಣಮಸ್ತು