ಕ್ಷಯಿಸುವ ಚಂದ್ರನೂ ಉಳಿಯುವ ಸ್ಮೃತಿಯೂ

ಹೊಸೂರೆಂದರೆ ಹೊಸತಾದ ಊರೆಂದು ಅರ್ಥ. ಆದರೆ ಅಲ್ಲಿಯ ಬೆಟ್ಟದ ಮೇಲಣ ಶ್ರೀ ಚಂದ್ರಚೂಡೇಶ್ವರನ ಸನ್ನಿಧಿಯು ಬಹು ಪುರಾತನವಾದುದು. ಶಿಲಾಶಾಸನಗಳು ದಾನದತ್ತಿಗಳನ್ನು ನೆನಪಿನಲ್ಲಿರಿಸಿವೆ. ಸ್ಥಳಪುರಾಣವು ಉಳಿಸಿಕೊಂಡಿರುವುದು ಬೇರೊಂದನ್ನು. ಪರಮೇಶ್ವರನು ಉಡದ ರೂಪವನ್ನು ತಾಳಿ ಈ ಬೆಟ್ಟಕ್ಕೆ ಬಂದನೆಂದೂ, ಮರಕತಾಂಬಿಕೆಯು ಅದನ್ನು ಬೆನ್ನಟ್ಟಿ ಬಂದಳೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ಯಾವ ವರ್ಷ ನಡೆಯಿತೆಂದು ಕೇಳಿದರೆ ಉತ್ತರ ದೊರೆಯದು. ಬಂಡೆಯ ಸಂದಿನಲ್ಲಿ ಹರಿದಾಡುವ ಜೀವಿಯಲ್ಲಿಯೂ ದೇವರನ್ನು ಕಾಣಬೇಕೆಂಬ ಎಚ್ಚರವೇ ಈ ಕಥೆಯ ತಿರುಳು.

ಸ್ವಾಮಿಯ ನಾಮಧೇಯವೂ ಇದನ್ನೇ ಬೋಧಿಸುತ್ತದೆ. ದಕ್ಷನ ಶಾಪದಿಂದ ಕ್ಷಯಿಸುತ್ತಿದ್ದ ಚಂದ್ರನನ್ನು ಶಿವನು ಶಿರದಲ್ಲಿ ಧರಿಸಿ ಕಾಪಾಡಿದನು. ಮನುಷ್ಯರ ನೆನಪೂ ಅಂತೆಯೇ ದಿನೇ ದಿನೇ ಕ್ಷಯಿಸುವುದು; ಅದರ ಕಡೆಯ ಕಲೆಯನ್ನು ತಲೆಯ ಮೇಲೆ ಹೊತ್ತು ಉಳಿಸುವುದೇ ಪುರಾಣ. ಮುತ್ತಜ್ಜನ ಹೆಸರನ್ನು ಮರೆತ ಮನೆಯಲ್ಲಿಯೂ ಉಡದ ಕಥೆ ಉಳಿದಿರುವುದುಂಟು.

ಜೀರ್ಣೋದ್ಧಾರದಿಂದ ಕಲ್ಲಿನ ಗುಡಿ ಗಟ್ಟಿಯಾಗುವುದು. ಆದರೆ ಶಾಸನದ ಮೇಲೆ ಸುಣ್ಣ ಬಳಿದು, ಕಥೆಯನ್ನು ಮಕ್ಕಳಿಗೆ ಹೇಳದೆ ಬಿಟ್ಟರೆ ಕ್ಷೇತ್ರವು ಜೀರ್ಣವಾಗಿಯೇ ಉಳಿಯುವುದು. ಕಲ್ಲಿನ ಅಕ್ಷರವನ್ನು ಅಳಿಯಗೊಡದೆ, ಕನ್ನಡವಾಗಲಿ ತೆಲುಗಾಗಲಿ ತಮಿಳಾಗಲಿ, ಮನೆಯ ಮಾತಿನಲ್ಲಿ ಆ ಕಥೆಯನ್ನು ಹೇಳುವ ಭಕ್ತರೆಲ್ಲರಿಗೂ ಚಂದ್ರಚೂಡನು ಸನ್ಮಂಗಳವನ್ನುಂಟುಮಾಡಲಿ.