ವಿದ್ಯಾದಾನವೂ ಅದರ ರೂಪವೂ

ಕೊಟ್ಟೆನೆಂದು ದಾತನು ಹೇಳಿದ ಮಾತ್ರಕ್ಕೆ ದಾನವು ಪೂರ್ಣವಾಗುವುದಿಲ್ಲ. ಪಡೆಯತಕ್ಕವನ ಕೈಗೆ ಅದು ಸೇರಬೇಕು. ಧನಧಾನ್ಯಗಳ ವಿಷಯದಲ್ಲಿ ಇದು ಎಲ್ಲರೂ ಬಲ್ಲ ಮಾತು. ವಿದ್ಯೆಯ ವಿಷಯದಲ್ಲಾದರೋ ಬಹು ಬೇಗನೆ ಮರೆತುಹೋಗುತ್ತದೆ. ವಿಶ್ವವಿದ್ಯಾಲಯವೊಂದು ತನ್ನ ಪಾಠಗಳನ್ನೂ ನಿಯಮಗಳನ್ನೂ ಅಂತರ್ಜಾಲದಲ್ಲಿ ಪ್ರಕಟಿಸಿದೊಡನೆಯೇ ತನ್ನ ಕರ್ತವ್ಯವು ಮುಗಿಯಿತೆಂದು ಭಾವಿಸಬಹುದೆ? ಓದಲೆಳಸುವವರೆಲ್ಲರೂ ಅವನ್ನು ಓದಬಲ್ಲರೇ ಎಂದು ವಿಚಾರಿಸುವ ಹೊಣೆಯೂ ಅದಕ್ಕುಂಟೆ?

ಈ ಪ್ರಶ್ನೆಯು ಇಂದು ಪಿ.ಡಿ.ಎಫ್. ಎಂಬ ಪತ್ರರೂಪವನ್ನು ಕುರಿತು ಎದ್ದಿದೆ. 1993ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಈ ರೂಪದ ಮುಖ್ಯಗುಣವು ಸ್ಥಿರತೆ: ಅಚ್ಚಿನ ಪುಟವು ಹೇಗಿರುವುದೋ ಹಾಗೆಯೇ ಯಾವ ಯಂತ್ರದಲ್ಲಿಯೂ ಕಾಣುವುದು. ಆ ಗುಣವೇ ಹಲವರ ಪಾಲಿಗೆ ದೋಷವಾಗಿದೆ. ಅಂಧರು ಪರದೆಯ ಮೇಲಣ ಬರಹವನ್ನು ಧ್ವನಿಯಾಗಿ ಮಾರ್ಪಡಿಸುವ ಸ್ಕ್ರೀನ್ ರೀಡರಿನ ನೆರವಿನಿಂದ ಓದುವರು. ಪುಟವು ಬರಿಯ ಛಾಯಾಚಿತ್ರವಾಗಿದ್ದರೆ ಆ ಸಾಧನಕ್ಕೆ ಅದರಲ್ಲಿ ಒಂದಕ್ಷರವೂ ದೊರೆಯದು. ಅಕ್ಷರಗಳಿದ್ದರೂ, ತಲೆಬರಹವು ಯಾವುದು, ಮೊದಲು ಓದತಕ್ಕ ಅಂಕಣವು ಯಾವುದು ಎಂಬ ಗುರುತುಗಳನ್ನು ಒಳಗಿಟ್ಟಿರದಿದ್ದರೆ ಎರಡಂಕಣಗಳ ಮಾತುಗಳು ಬೆರೆತು ಅರ್ಥವು ಕೆಡಬಹುದು. ಮಂದದೃಷ್ಟಿಯವರು ಅಕ್ಷರವನ್ನು ಹಿಗ್ಗಿಸಿದರೆ ಪುಟವು ಪರದೆಯನ್ನು ಮೀರಿ, ಪ್ರತಿ ಸಾಲಿಗೂ ಅತ್ತಿತ್ತ ಸರಿಸಬೇಕಾಗುವುದು. ಜಾಲಪುಟದಲ್ಲಾದರೋ ಬರಹವು ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವುದು. ಗುರುತುಗಳನ್ನು ಸರಿಯಾಗಿ ಇಟ್ಟರೆ ಕಣ್ಣಿಗೂ ಕಿವಿಗೂ ಒಂದೇ ಕ್ರಮದಲ್ಲಿ ಒದಗುವುದು.

ಆದರೆ ಸಾವಿರಾರು ಹಳೆಯ ಪತ್ರಗಳನ್ನು ಹೊಸದಾಗಿ ಸಿದ್ಧಪಡಿಸುವ ವೆಚ್ಚವನ್ನು ಹೊರುವವರಾರು? ಕೆಲವರಿಗಾಗಿ ಇಷ್ಟು ಶ್ರಮವೇಕೆ? ಇದು ಪೂರ್ವಪಕ್ಷ, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಉಚಿತವಾಗಿ ಪ್ರಕಟಿಸಿದ್ದ ಪಾಠಗಳಲ್ಲಿ ಹಲವು ಬಧಿರರಿಗೂ ಅಂಧರಿಗೂ ಎಟಕುತ್ತಿಲ್ಲವೆಂದು ಆ ದೇಶದ ನ್ಯಾಯ ಇಲಾಖೆಯು 2016ರಲ್ಲಿ ನಿರ್ಣಯಿಸಿತು. ಮರುವರ್ಷ ವಿಶ್ವವಿದ್ಯಾಲಯವು 20,000ಕ್ಕೂ ಹೆಚ್ಚು ಉಪನ್ಯಾಸಗಳ ದಾಖಲೆಗಳನ್ನು ಸಾರ್ವಜನಿಕರಿಂದ ಹಿಂದೆಗೆದುಕೊಂಡಿತು. ಕೆಲವರಿಗೆ ದೊರೆಯದಿದ್ದುದು ಈಗ ಹೊರಗಿನ ಯಾರಿಗೂ ದೊರೆಯದಂತಾಯಿತು.

ಇದನ್ನು ಸಮತೆಯೆನ್ನಬಹುದೆ? ಕೇಳಿದವರೇ ಈ ನಷ್ಟಕ್ಕೆ ಕಾರಣರೆಂದು ದೂರಿದವರೂ ಉಂಟು. ಆದರೆ ಅವರು ಕೇಳಿದುದು ತಮ್ಮ ಪಾಲನ್ನೇ ಹೊರತು ಪರರ ಪಾಲಿನ ನಾಶವನ್ನಲ್ಲ. ಪಂಕ್ತಿಯಲ್ಲಿ ಒಬ್ಬನಿಗೆ ಎಲೆ ಹಾಕಿಲ್ಲವೆಂದು ತಿಳಿದುಬಂದರೆ ಎಲ್ಲರ ಎಲೆಗಳನ್ನೂ ಎತ್ತಿಬಿಡುವುದು ನ್ಯಾಯವಲ್ಲ. ಇನ್ನೊಂದು ಎಲೆ ಹಾಕುವುದೇ ನ್ಯಾಯ. 2022ರಲ್ಲಿ ಆ ವಿಶ್ವವಿದ್ಯಾಲಯವು ತನ್ನ ಪಾಠಗಳನ್ನು ಅಂಗವಿಕಲರಿಗೂ ಎಟಕುವಂತೆ ಮಾಡುವುದಾಗಿ ಸರಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು.

ಹಾಗಾದರೆ ಅಳಿಸುವುದೂ ಅಲ್ಲ, ಎಲ್ಲವನ್ನೂ ಒಂದೇ ದಿನದಲ್ಲಿ ತಿದ್ದುವುದೂ ಅಲ್ಲ; ವಿವೇಕವು ಇವೆರಡರ ನಡುವೆ ಇದೆ. ಸರಕಾರಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವಂತೆ ಅಮೆರಿಕದ ನ್ಯಾಯ ಇಲಾಖೆಯು 2024ರಲ್ಲಿ ಹೊರಡಿಸಿದ ನಿಯಮದಲ್ಲಿಯೂ ಬಳಕೆಯಲ್ಲಿಲ್ಲದ ಹಳೆಯ ಸಂಗ್ರಹಕ್ಕೆ ವಿನಾಯಿತಿಯನ್ನಿಟ್ಟಿದ್ದಿತು. ಪ್ರವೇಶದ ನಿಯಮ, ಪಾಠಸೂಚಿ, ಶುಲ್ಕದ ವಿವರ ಮುಂತಾಗಿ ವಿದ್ಯಾರ್ಥಿಯ ನಿತ್ಯಜೀವನಕ್ಕೆ ಬೇಕಾದುವು ಮೊದಲು ಜಾಲಪುಟಗಳಾಗತಕ್ಕವು. ಹೊಸತನ್ನು ಆರಂಭದಲ್ಲಿಯೇ ಆ ರೂಪದಲ್ಲಿ ಬರೆಯತಕ್ಕದ್ದು. ಹಳೆಯದನ್ನು ಜೋಪಾನವಾಗಿಟ್ಟು, ಕೇಳಿದವರಿಗೆ ಓದಲಾಗುವಂತೆ ಒದಗಿಸತಕ್ಕದ್ದು. ಪುಟದ ಆಕಾರವೇ ಮುಖ್ಯವಾದ ಪ್ರಾಚೀನ ಗ್ರಂಥದ ಪ್ರತಿಗೂ, ಅಚ್ಚು ಹಾಕಿ ಸಹಿ ಮಾಡತಕ್ಕ ಪತ್ರಕ್ಕೂ ಪಿ.ಡಿ.ಎಫ್. ರೂಪವು ಇದ್ದೇ ಇರಲಿ.

ಇನ್ನು ಶ್ರಮದ ಮಾತು. ಬರೆಯುವವನು ತಪ್ಪಿಸಿಕೊಂಡ ಶ್ರಮವು ಇಲ್ಲವಾಗುವುದಿಲ್ಲ. ಅದು ಓದುವವರ ಮೇಲೆ, ಅವರಲ್ಲಿಯೂ ಅಶಕ್ತರ ಮೇಲೆ, ಓದಿದಾಗಲೆಲ್ಲ ಬೀಳುವುದು. ಒಂದು ಕಡೆ ಒಬ್ಬನು ಒಮ್ಮೆ ಹೊರುವ ಭಾರ, ಇನ್ನೊಂದು ಕಡೆ ಅನೇಕರು ಅನೇಕ ವೇಳೆ ಹೊರುವ ಭಾರ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ವಿದ್ಯೆಯನ್ನೇ ವ್ರತವಾಗಿ ಹಿಡಿದ ಸಂಸ್ಥೆಗೆ ಕಠಿನವಾದ ಪ್ರಶ್ನೆಯಾಗಬಾರದು.