ಲೆಕ್ಕದ ಪುಸ್ತಕವೂ ಕಾಯಕವೇ?

ನೇಕಾರನ ಮಗ್ಗ, ಅಂಬಿಗನ ಹುಟ್ಟು ಪೂಜೆಯಾಗಬಹುದು. ಕಚೇರಿಯ ಲೆಕ್ಕದ ಪುಸ್ತಕ? ಬಿ.ಕಾಂ. ಮುಗಿಸಿ ಮ್ಯಾನೇಜ್‌ಮೆಂಟ್ ಕಡೆ ಹೊರಟವರು ಹೀಗೆ ಕೇಳಿಕೊಳ್ಳುವುದು ಅಪರೂಪ.

12ನೇ ಶತಮಾನದಲ್ಲಿ ಈ ಪ್ರಶ್ನೆಯನ್ನು ಬದುಕಿನಲ್ಲೇ ಎದುರಿಸಿದವರು ಬಸವಣ್ಣ. ಮಂಗಳವೇಡೆಯಲ್ಲಿ ಕರಣಿಕರಾಗಿ ಸೇರಿ ರಾಜ ಬಿಜ್ಜಳನ ಭಂಡಾರಿಯಾದರೆಂದು ಪರಂಪರೆ ಹೇಳುತ್ತದೆ. ಗುಮಾಸ್ತಿಕೆಯಿಂದ ಹಣಕಾಸಿನ ಮೇಲಧಿಕಾರಕ್ಕೆ! ಬೊಕ್ಕಸದ ಹಣ ಜಂಗಮರ ಪಾಲಾಗುತ್ತಿದೆ ಎಂಬ ದೂರೂ ಬಂತು. ಎಣಿಸಿ ನೋಡಿದರೆ ಒಂದು ಕಾಸೂ ಕಡಿಮೆಯಿರಲಿಲ್ಲವೆಂಬುದು ಕಥೆ. ಭಕ್ತನಿಗೂ ಆಡಿಟ್ ತಪ್ಪಲಿಲ್ಲ.

ಆದರೆ ಶರಣರ ಪರೀಕ್ಷೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಮುಗಿಯುವುದಿಲ್ಲ. ಅಕ್ಕಿ ಆಯ್ದು ತರುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳಂತೆ. ಕದ್ದದ್ದಲ್ಲ, ದೂರೂ ಇರಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು, ಅಷ್ಟೇ.

ಗುರಿ ದಾಟಿ ಬೋನಸ್ಸು ಪಡೆದ ಮ್ಯಾನೇಜರು ಅದನ್ನು ಎಲ್ಲಿ ಸುರಿದು ಬರಬೇಕು?